ಸೂಜಿ ಮುಟ್ಟಿದವರು ಯಾರು

"ಸೂಜಿಗೆ ಬಟ್ಟೆ ತಗುಲಿಸಿದವರು ಯಾರು?"

ಮಾವ ಮುಂದಿನ ಕೋಣೆಯಿಂದ ಕೇಳಿದ ಈ ಪ್ರಶ್ನೆ ಇಡೀ ಮನೆಗೆ ಸೇರಿದ್ದು. ಆದರೆ ಆ ಹೊತ್ತಿನಲ್ಲಿ ಕೈಯಲ್ಲಿ ಬಟ್ಟೆ ಹಿಡಿದು ನಿಂತಿದ್ದವಳು ಸೊಸೆ ಒಬ್ಬಳೇ. ಧೂಳು ಒರೆಸುವ ಹಳದಿ ಬಟ್ಟೆ. ಅದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳಬೇಕೆಂದು ಅವಳಿಗೆ ಹೊಳೆಯಲಿಲ್ಲ, ಹೊಳೆಯುವುದಕ್ಕೆ ಕಾರಣವೂ ಇರಲಿಲ್ಲ.

"ನಾನು ರೆಕಾರ್ಡ್ ಪ್ಲೇಯರಿನ ಮುಚ್ಚಳ ಮಾತ್ರ ಒರೆಸಿದೆ ಮಾವ. ಒಳಗೆ ಕೈ ಹಾಕಿಲ್ಲ."

"ಹಾಗಾದ್ರೆ ಹಾಡು ಯಾಕೆ ಹೀಗೆ ಕಂಬಳಿ ಹೊದ್ದುಕೊಂಡು ಬರ್ತಿದೆ?"

"ನನಗೇನು ಗೊತ್ತು?"

"ಗೊತ್ತಿಲ್ಲದವರು ಮುಟ್ಟಬಾರದು."

ಮುಗಿಯಿತು. ವಿಚಾರಣೆ ನಡೆದು ತೀರ್ಪು ಹೊರಬೀಳಲು ಒಂದು ಲೋಟ ಟೀ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ಮಾವನ ಮಾತಿಗೆ ಅಷ್ಟು ತೂಕ ಬಂದದ್ದು ಸುಮ್ಮನೆ ಅಲ್ಲ. ರೆಕಾರ್ಡು ಮಾರುವ ಅಂಗಡಿಯೊಂದರ ಹಿಂಬದಿಯಲ್ಲಿ ಕೂತು, ಊರಿನವರ ರೆಕಾರ್ಡ್ ಪ್ಲೇಯರುಗಳನ್ನೆಲ್ಲ ಬಿಚ್ಚಿ ಜೋಡಿಸಿ ಆಯುಷ್ಯ ಸವೆಸಿದವರು ಅವರು. ಯಂತ್ರ ಬಿಚ್ಚುವ ಮೊದಲೇ, ಹಾಡು ಕೇಳಿಯೇ, ಸೂಜಿ ಸವೆದಿದೆಯೋ ಬೆಲ್ಟು ಸಡಿಲವಾಗಿದೆಯೋ ಹೇಳಿಬಿಡುತ್ತಿದ್ದರು. ಅಂಗಡಿಯಲ್ಲಿ ಅವರನ್ನು 'ಕಿವಿ ಮೇಷ್ಟ್ರು' ಎಂದೇ ಕರೆಯುತ್ತಿದ್ದರು. ಈಗ ಆ ಅಂಗಡಿಯಲ್ಲಿ ಮೊಬೈಲ್ ಫೋನಿನ ಕವರು ಮಾರುತ್ತಾರೆ. ಮೇಷ್ಟ್ರು ಮನೆಯಲ್ಲಿದ್ದಾರೆ, ಅವರ ಸ್ವಂತ ಯಂತ್ರವೊಂದು ಅವರ ಜೊತೆಗಿದೆ.

ಆ ಯಂತ್ರದ ಆರೈಕೆ ಹಸುಗೂಸಿನ ಆರೈಕೆಗಿಂತ ಹೆಚ್ಚು. ಮೇಜು ಸಮ ಇದೆಯೇ ಎಂದು ರಸಮಟ್ಟ ಇಟ್ಟು ನೋಡಬೇಕು. ರೆಕಾರ್ಡನ್ನು ಅಂಚಿನಲ್ಲೇ ಹಿಡಿಯಬೇಕು. ಪ್ರತಿ ಸಲ ಹಾಡು ಹಾಕುವ ಮೊದಲು ಮೆತ್ತನೆಯ ಸಣ್ಣ ಬ್ರಷ್ಷಿನಿಂದ ಸೂಜಿಯ ಧೂಳು ತೆಗೆಯಬೇಕು, ಅದೂ ಹಿಂದಿನಿಂದ ಮುಂದಕ್ಕೆ ಮಾತ್ರ. ಅಡ್ಡ ಎಳೆಯುವಂತಿಲ್ಲ, ಬೆರಳಂತೂ ತಾಗಿಸುವಂತೆಯೇ ಇಲ್ಲ. ಸೂಜಿಯ ತುದಿಯಲ್ಲಿರುವುದು ಕಣ್ಣಿಗೆ ಕಾಣದಷ್ಟು ಸಣ್ಣ ವಜ್ರದ ಚೂರು. ಅದನ್ನು ಹೊತ್ತಿರುವ ಕಡ್ಡಿಯೂ ಕೂದಲಿನಷ್ಟೇ. ಬಟ್ಟೆಯ ಒಂದು ಎಳೆ ಸಿಕ್ಕಿಕೊಂಡರೆ ಸಾಕು, ಕಡ್ಡಿ ಬಾಗಿಹೋಗುತ್ತದೆ. ಹಾಗಾಗಿ ಹಳದಿ ಬಟ್ಟೆ ಕಂಡೊಡನೆ ಮಾವ ಸಂಶಯಪಟ್ಟಿದ್ದರಲ್ಲಿ ತಪ್ಪೇನಿಲ್ಲ. ತಪ್ಪಾದದ್ದು ಸಂಶಯ ಅಲ್ಲಿಗೆ ನಿಲ್ಲದೇ ಇದ್ದದ್ದು.

ಮಾರನೆಯ ದಿನದಿಂದ ಮುಂದಿನ ಕೋಣೆಗೆ ಸೊಸೆಯ ಪ್ರವೇಶ ಬಂದ್. ಅವಳು ಹೊಸ್ತಿಲವರೆಗೆ ಗುಡಿಸಿ ಪೊರಕೆಯನ್ನು ಬಾಗಿಲಿಗೆ ಒರಗಿಸಿ ಬರುತ್ತಿದ್ದಳು. ಅಲ್ಲಿಂದ ಮುಂದೆ ಮಾವನೇ ಗುಡಿಸುತ್ತಿದ್ದರು, ಅಂದರೆ ಕಸವನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ವರ್ಗಾಯಿಸುತ್ತಿದ್ದರು. ಸೊಸೆಯೊಡನೆ ನೇರವಾಗಿ ಮಾತಾಡುವುದನ್ನೂ ಬಿಟ್ಟರು.

"ಸೂಪಿಗೆ ಉಪ್ಪು ಕಡಿಮೆ ಅಂತ ಅವಳಿಗೆ ಹೇಳು," ಎನ್ನುತ್ತಿದ್ದರು ಹೆಂಡತಿಗೆ. ಸೊಸೆ ಎದುರಿಗೇ ಕೂತು ಬ್ರೆಡ್ಡು ಮುರಿಯುತ್ತಿರುತ್ತಿದ್ದಳು.

"ಉಪ್ಪು ಮೇಜಿನ ಮೇಲೇ ಇದೆ ಅಂತ ಅವರಿಗೆ ಹೇಳಿ ಅತ್ತೆ."

ಅತ್ತೆ ಯಾರಿಗೂ ಏನೂ ಹೇಳದೆ ಉಪ್ಪಿನ ಡಬ್ಬಿಯನ್ನು ಮುಂದಕ್ಕೆ ತಳ್ಳುತ್ತಿದ್ದರು.

ಸೊಸೆಯ ಗಂಡ ಲಿಫ್ಟ್ ಮೆಕ್ಯಾನಿಕ್ಕು. ಎರಡು ಮಹಡಿಗಳ ನಡುವೆ ನಿಂತುಹೋದ ಲಿಫ್ಟುಗಳನ್ನು ಇಳಿಸುವುದೇ ಅವನ ಕಸುಬು. ಮನೆಯಲ್ಲಿ ಮಾತ್ರ ಅಪ್ಪ ಮೇಲೆ, ಹೆಂಡತಿ ಕೆಳಗೆ, ಇವನೇ ನಡುವೆ ಸಿಕ್ಕಿಕೊಂಡಿದ್ದ. "ಹೋಗಲಿ ಬಿಡೇ," ಅನ್ನುತ್ತಿದ್ದ. "ಅಪ್ಪಿತಪ್ಪಿ ತಗುಲಿತು ಅಂತ ಒಂದು ಮಾತು ಹೇಳಿಬಿಡು. ಮನೆ ತಣ್ಣಗಾಗುತ್ತೆ."

"ತಗುಲಿಲ್ಲವಲ್ಲ."

"ತಗುಲಿಲ್ಲ, ಸರಿ. ಹೇಳಿದ್ರೆ ಏನು ಹೋಗುತ್ತೆ?"

"ರೀ, ಮೊನ್ನೆ ಕಪ್ಪು ಒಡೆದು 'ನಾನಲ್ಲ, ಬೆಕ್ಕು' ಅಂತ ಸುಳ್ಳು ಹೇಳಿದ್ದಕ್ಕೆ ನಿಮ್ಮ ಮಗಳಿಗೆ ಯಾರು ಬೈದಿದ್ದು? ನಾನು. ಮಾಡಿದ್ದನ್ನ ಮಾಡಿಲ್ಲ ಅನ್ನೋದೂ ಸುಳ್ಳು, ಮಾಡದೇ ಇದ್ದಿದ್ದನ್ನ ಮಾಡಿದೆ ಅನ್ನೋದೂ ಸುಳ್ಳು. ಅವಳ ಮುಂದೆ ನಾನು ಹೇಳಲ್ಲ."

ಅವಳಿಗೆ ಉರಿಯುತ್ತಿದ್ದದ್ದು ಇದೇ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಅವಳು ಬರೆದುಕೊಟ್ಟ ಅಂಕಿ ನಂಬಿ ಡಾಕ್ಟರುಗಳು ಔಷಧಿ ಕೊಡುತ್ತಾರೆ, ರೋಗಿಗಳು ನುಂಗುತ್ತಾರೆ. ಮನೆಯಲ್ಲಿ 'ಮುಟ್ಟಿಲ್ಲ' ಎಂಬ ಒಂದು ಮಾತಿಗೆ ಬೆಲೆಯಿಲ್ಲ. ಹೋಗಲಿ, ದೊಡ್ಡವರು ನಂಬದಿದ್ದರೆ ಬೇಡ. ಮಗಳು ನಂಬುವುದನ್ನು ಬಿಟ್ಟರೆ ತಾನು ಅವಳ ಮುಂದೆ ಯಾವ ಮುಖ ಇಟ್ಟುಕೊಂಡು ಬುದ್ಧಿ ಹೇಳುವುದು?

ಮಗಳಿಗೆ ಮನೆಯಲ್ಲಿ 'ಪಟಾಕಿ' ಅಂತ ಹೆಸರು. ಬಾಯಿ ತೆರೆದರೆ ಸರ ಹಚ್ಚಿದ ಹಾಗೆ. ಅಮ್ಮ ಸುಳ್ಳು ಹೇಳುವುದಿಲ್ಲ ಎಂಬುದು ಅವಳಿಗೆ ಗೊತ್ತು. ತಾತನ ಕಿವಿ ತಪ್ಪುವುದಿಲ್ಲ ಎಂಬುದೂ ಗೊತ್ತು. ರೆಕಾರ್ಡಿನ ಹಾಡಿನ ಹಿಂದೆ ಅಡಗಿಕೊಂಡ ಸಣ್ಣ ಸಣ್ಣ ಸದ್ದುಗಳನ್ನು ಹುಡುಕಲು ಅವಳಿಗೆ ಕಲಿಸಿದವರೇ ತಾತ. ಹಾಗಾಗಿ ಅವಳು ತನ್ನದೇ ಒಂದು ರಾಜಿ ಸೂತ್ರ ಮಾಡಿದ್ದಳು.

"ಜೇಡ ಇರಬಹುದು ತಾತ. ಮುಚ್ಚಳದ ಸಂದಿಯಿಂದ ನುಗ್ಗಿ ಸೂಜಿ ಮೇಲೆ ಕೂತಿರುತ್ತೆ."

"ನಮ್ಮನೆ ಜೇಡ ಹಳದಿ ಬಟ್ಟೆ ಉಟ್ಕೊಳ್ಳಲ್ಲ," ಅಂದರು ತಾತ.

ಭಾನುವಾರ ಬೆಳಗ್ಗೆ ಹಾಡು ಕೇಳಲು ಮಾವನ ಹಳೆಯ ಸ್ನೇಹಿತ ದರ್ಜಿ ಬರುವ ವಾಡಿಕೆ. ಆ ಭಾನುವಾರವೂ ಬಂದ. ಟೀ ತಟ್ಟೆ ಹಿಡಿದು ಸೊಸೆ ಹೊಸ್ತಿಲ ಬಳಿ ಬಂದಾಗ ಮಾವ ಕಥೆಯ ನಡುವಿನಲ್ಲಿದ್ದರು. "ನೋಡು, ಓದಿದವಳು, ಲ್ಯಾಬಿನಲ್ಲಿ ಕೆಲಸ. ಆದ್ರೆ ಸೂಜಿಯ ಮೇಲೆ ಬಟ್ಟೆ ಆಡಿಸಬಾರದು ಅನ್ನೋ ತಿಳಿವಳಿಕೆ ಇಲ್ಲ."

"ನನಗೆ ಚೆನ್ನಾಗೇ ಕೇಳ್ತಿದೆಯಲ್ಲಯ್ಯ ಹಾಡು," ಅಂದ ದರ್ಜಿ.

"ನಿನ್ನ ಕಿವಿ ಹೊಲಿಗೆ ಮಷೀನಿಗೆ ಸಾಕು ಬಿಡು."

ದರ್ಜಿ ನಕ್ಕ. ಸೊಸೆ ತಟ್ಟೆಯನ್ನು ಹೊಸ್ತಿಲ ಮೇಲೇ ಇಟ್ಟು ಹಿಂದಿರುಗಿದಳು. ಅಡುಗೆಮನೆಗೆ ಬಂದು ನಲ್ಲಿ ಬಿಟ್ಟು, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಅತ್ತೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ಅವಳ ಮುಖ ನೋಡಿದರು, ನೋಡಿ ತಲೆ ತಗ್ಗಿಸಿದರು.

ಒಂದು ರಾತ್ರಿ ಊಟದ ಹೊತ್ತಿಗೆ ಗಂಡ ಧೈರ್ಯ ಮಾಡಿದ. "ಅಪ್ಪ, ಹೊಸ ಸೂಜಿ ತರಿಸಿಬಿಡೋಣ. ಜಗಳವೇ ಬೇಡ."

"ಬೇಡ."

"ಯಾಕೆ?"

"ಈಗಿನ ಸೂಜಿಗಳು ಸೂಜಿಗಳೇ ಅಲ್ಲ."

"ಅದೇ ಕಂಪನಿದು ಸಿಗುತ್ತಂತೆ."

"ಹೆಸರು ಅದೇ ಇರುತ್ತೆ, ಮಾಲು ಬೇರೆ. ಬೇಡ ಅಂದ್ನಲ್ಲ."

ಪಟಾಕಿ ಬೇಯಿಸಿದ ಮೊಟ್ಟೆಯನ್ನು ಬಾಯಲ್ಲಿಟ್ಟುಕೊಂಡೇ ಕೇಳಿದಳು. "ತಾತ, ಹಾಳಾದ ಸೂಜಿ ಇಟ್ರೆ ರೆಕಾರ್ಡಿಗೆ ಗಾಯ ಆಗುತ್ತೆ ಅಂತ ನೀನೇ ಹೇಳ್ತಿದ್ದೆ. ಮತ್ತೆ ದಿನಾ ಸಾಯಂಕಾಲ ಅದೇ ಸೂಜಿಲಿ ಯಾಕೆ ಹಾಕ್ತೀಯ?"

ಮಾವ ಕೈಯಲ್ಲಿದ್ದ ಚಮಚ ಕೆಳಗಿಟ್ಟರು. "ಬಾಯಲ್ಲಿ ಊಟ ಇಟ್ಕೊಂಡು ಮಾತಾಡಬಾರದು," ಅಂದರು. ಅಷ್ಟು ಹೇಳಿ, ತಟ್ಟೆಯಲ್ಲಿ ಇನ್ನೂ ಊಟ ಇರುವಾಗಲೇ ಎದ್ದು ಕೈ ತೊಳೆದರು.

ಮಗು ಕೇಳಿದ ಪ್ರಶ್ನೆ ಸೊಸೆಯ ತಲೆಯಲ್ಲಿ ಕೂತುಬಿಟ್ಟಿತು. ರೆಕಾರ್ಡಿನ ಮೇಲೆ ಒಂದು ಬೆರಳಿನ ಗುರುತು ಕಂಡರೆ ಊಟ ಬಿಡುವ ಮನುಷ್ಯ, ಕೆಟ್ಟ ಸೂಜಿಯನ್ನು ಅವುಗಳ ಮೇಲೆ ಎಳೆಯುತ್ತಾರೆಯೇ? ಸೂಜಿ ನಿಜಕ್ಕೂ ಕೆಟ್ಟಿದೆಯೇ? ಅದನ್ನು ನೋಡುವುದಕ್ಕೆ ಅವಳ ಹತ್ತಿರ ಒಂದು ದಾರಿ ಇತ್ತು. ಆ ದಾರಿ ಹಿಡಿದರೆ ಮಾತ್ರ ಮುಟ್ಟಬಾರದ್ದನ್ನು ನಿಜವಾಗಿ ಮುಟ್ಟಬೇಕಾಗುತ್ತಿತ್ತು.

ಮಾವ ಬೆಳಗಿನ ವಾಕಿಂಗಿಗೆ ಹೋದಾಗ ಹೊಸ್ತಿಲು ದಾಟಿದಳು. ಸೂಜಿ ಕೂತಿರುವ ಪುಟ್ಟ ಪ್ಲಾಸ್ಟಿಕ್ ಕಟ್ಟನ್ನು ಮುಂದಕ್ಕೆ ಎಳೆದರೆ ಕಳಚಿ ಬರುತ್ತದೆ ಎಂಬುದನ್ನು ಅವರು ಮಾಡುವಾಗ ನೋಡಿದ್ದಳು. ಉಸಿರು ಬಿಗಿ ಹಿಡಿದು ಎಳೆದಳು, ಬಂತು. ಅದರ ಪ್ಲಾಸ್ಟಿಕ್ ಟೋಪಿ ಹಾಕಿ ಲ್ಯಾಬಿನಿಂದ ತಂದಿದ್ದ ಮೂತ್ರ ಪರೀಕ್ಷೆಯ ಹೊಸ ಡಬ್ಬಿಯಲ್ಲಿಟ್ಟಳು. ಮಾವ ಸವೆದ ಸೂಜಿಗಳನ್ನೂ ಎಸೆಯುವವರಲ್ಲ, ಒಂದು ತಗಡಿನ ಪೆಟ್ಟಿಗೆಯಲ್ಲಿ ತುಂಬಿಟ್ಟಿದ್ದರು. ಅದರಿಂದ ಒಂದನ್ನು ಇನ್ನೊಂದು ಡಬ್ಬಿಯಲ್ಲಿಟ್ಟುಕೊಂಡಳು. ಬಸ್ಸಿನಲ್ಲಿ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು, ಯಾರಾದರೂ ಮೈಗೆ ತಾಗಿದರೆ ದುರುಗುಟ್ಟಿ ನೋಡುತ್ತಾ ಹೋದಳು.

ಬೆಳಗಿನ ಗದ್ದಲ ತಗ್ಗಿದ ಮೇಲೆ ಸೂಕ್ಷ್ಮದರ್ಶಕದ ಕೆಳಗೆ ಮೊದಲು ಹಳೆಯದನ್ನಿಟ್ಟಳು. ಪಕ್ಕದಿಂದ ಟಾರ್ಚು ಬಿಟ್ಟಳು. ತುದಿಯ ಎರಡೂ ಬದಿ ಉಜ್ಜಿಹೋಗಿ, ಉಳಿಯ ಬಾಯಿಯ ಹಾಗೆ ಚಪ್ಪಟೆಯಾಗಿ ಹೊಳೆಯುತ್ತಿತ್ತು. ಸವೆದದ್ದು ಹೀಗಿರುತ್ತದೆ ಎಂದು ತಿಳಿಯಿತು. ಆಮೇಲೆ ಮನೆಯ ಸೂಜಿ ಇಟ್ಟಳು. ಕಡ್ಡಿ ನೆಟ್ಟಗಿತ್ತು. ತುದಿ ದುಂಡಗಿತ್ತು. ಯಾವ ಕಡೆ ತಿರುಗಿಸಿದರೂ ಚಪ್ಪಟೆಯಿಲ್ಲ, ಬಿರುಕಿಲ್ಲ, ಎಳೆಯಿಲ್ಲ.

ಅವಳಿಗೆ ಅಳು ಬಂತು. ತಾನು ಮುಟ್ಟಿಲ್ಲ ಎಂಬುದು ತನಗೆ ಗೊತ್ತೇ ಇತ್ತು. ಆದರೂ ಅಷ್ಟು ಜನ ಅಷ್ಟು ದಿನ ಹೇಳಿದರೆ ಎಲ್ಲೋ ಒಂದು ಕಡೆ ತನ್ನ ಮೇಲೆ ತನಗೇ ಅನುಮಾನ ಹುಟ್ಟಿರುತ್ತದೆ. ಅವತ್ತು ಅದು ಹೋಯಿತು.

ಮಧ್ಯಾಹ್ನ ಮನೆಗೆ ಬಂದಾಗ ಮಾವ ಹೊರಗಿನ ಜಗಲಿಯಲ್ಲಿ ಪೇಪರು ಓದುತ್ತಾ ಕೂತಿದ್ದರು. ಅವಳು ಹಿಂಬಾಗಿಲಿನಿಂದ ಒಳಗೆ ಬಂದು ಸೂಜಿಯನ್ನು ಸ್ವಸ್ಥಾನಕ್ಕೆ ಕೂರಿಸುತ್ತಿದ್ದಳು. ಆಗ ಅತ್ತೆ ಬಂದು ನಿಂತರು.

"ಮುಟ್ಟಿಲ್ಲ ಮುಟ್ಟಿಲ್ಲ ಅಂತಿದ್ದವಳು ಈಗ ಏನು ಮಾಡ್ತಿದ್ದೀಯಮ್ಮ?"

"ಮುಟ್ಟಿಲ್ಲ ಅಂತ ಗೊತ್ತು ಮಾಡ್ಕೊಳ್ಳೋಕೆ ಮುಟ್ಟಿದೆ ಅತ್ತೆ."

"ಚೆನ್ನಾಗಿದೆ!"

"ಬೈಯಿರಿ ಬೇಕಾದ್ರೆ. ಲ್ಯಾಬಿನಲ್ಲಿ ಇಟ್ಟು ನೋಡಿದೆ. ಸೂಜಿಗೆ ಏನೂ ಆಗಿಲ್ಲ. ಹೊಸದರ ಹಾಗಿದೆ."

ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಜಗಲಿಯಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಹಕ್ಕಿ ಕೂಗಿದಂಥ ಸಣ್ಣ ಸದ್ದು. ಕಿಟಕಿಯಿಂದ ಸೊಸೆಗೆ ಕಾಣುತ್ತಿತ್ತು: ಫೋನು ಮಾವನ ಮೊಣಕೈ ಪಕ್ಕದಲ್ಲೇ ಇದೆ, ಮಾವ ಪೇಪರಿನ ಹಾಳೆ ತಿರುಗಿಸುತ್ತಿದ್ದಾರೆ. ಫೋನು ಕೂಗುತ್ತಲೇ ಇದೆ. ಅತ್ತೆ ಸೊಂಟ ಹಿಡಿದುಕೊಂಡು ಓಡಿದರು. "ಪೇಪರು ಹಿಡಿದ್ರೆ ಮನೆಗೆ ಬೆಂಕಿ ಬಿದ್ರೂ ಗೊತ್ತಾಗಲ್ಲ ನಿಮಗೆ!" ಎಂದು ಗಂಡನನ್ನು ಗದರಿಸಿ ಫೋನು ಎತ್ತಿದರು. ಆ ಗದರಿಕೆಯಲ್ಲಿ ಸಿಟ್ಟಿರಲಿಲ್ಲ. ಏನನ್ನೋ ಮುಚ್ಚುವ ಅವಸರವಿತ್ತು.

ಅವರು ಅಡುಗೆಮನೆಗೆ ಬಂದಾಗ ಸೊಸೆ ಕಾಯುತ್ತಿದ್ದಳು.

"ಅತ್ತೆ, ಮಾವನಿಗೆ ಕಿವಿ ಕೇಳ್ತಿಲ್ಲ."

"ಮೆಲ್ಲಗೆ!"

"ಮೆಲ್ಲಗೆ ಯಾಕೆ? ಕೇಳಲ್ವಲ್ಲ."

"ಮಾತು ಕೇಳುತ್ತೆ ಕಣೇ. ಸಣ್ಣ ಸದ್ದು ಕೇಳಲ್ಲ. ಫೋನು, ಕೆಟಲ್ಲಿನ ಸಿಳ್ಳೆ, ಹಾಡಿನಲ್ಲಿ ಗಂಟೆಗಿಂಟೆ." ಅತ್ತೆ ಮುಕ್ಕಾಲಿಯ ಮೇಲೆ ಕುಸಿದು ಕೂತರು. "ಕಳೆದ ಚಳಿಗಾಲದಿಂದ ಹೀಗೆ."

"ನಿಮಗೆ ಗೊತ್ತಿತ್ತು."

ಅತ್ತೆ ಕೈಯಲ್ಲಿದ್ದ ಟವೆಲ್ಲಿನ ಅಂಚು ಮಡಚತೊಡಗಿದರು.

"ನಿಮಗೆ ಗೊತ್ತಿತ್ತು, ಆದ್ರೂ ಇಷ್ಟು ದಿನ ನನ್ನನ್ನ ಹೊಸ್ತಿಲ ಆಚೆ ನಿಲ್ಲಿಸಿದ್ರಿ. ಆ ದರ್ಜಿ ಮುಂದೆ ನನ್ನ ಮಾನ ಹರಾಜು ಹಾಕೋವಾಗ ಆಲೂಗಡ್ಡೆ ಹೆರೀತಾ ಕೂತಿದ್ರಿ."

"ಏನು ಮಾಡ್ಲಿ? ಅಂಗಡಿ ಹೋಯ್ತು, ಕೆಲಸ ಹೋಯ್ತು. ಉಳಿದಿರೋದು ಅದೊಂದು ಕಿವಿ. ಅದೂ ಇಲ್ಲ ಅಂತ ನನ್ನ ಬಾಯಿಂದ ಹೇಗೆ ಹೇಳ್ಲಿ? ಸೂಜಿ ಕೆಟ್ಟಿದೆ ಅಂದುಕೊಂಡು ಇರ್ಲಿ ಅಂತ ಬಿಟ್ಟೆ."

"ಸೂಜಿ ತಾನಾಗಿ ಕೆಡೋದಾದ್ರೆ ಕೆಡಲಿ. ನನ್ನ ತಲೆ ಮೇಲೆ ಯಾಕೆ ಹಾಕಿದ್ರಿ?"

"ನೀನು ಗಟ್ಟಿ ಇದ್ದೀಯ. ತಡ್ಕೊಳ್ತೀಯ ಅಂದುಕೊಂಡೆ."

"ಗಟ್ಟಿ ಇದ್ದವರ ತಲೆ ಮೇಲೇ ಕಲ್ಲು ಇಡೋದಾ? ನಾನೂ ಅಳ್ತೀನಿ ಅತ್ತೆ. ನಿಮ್ಮ ಕಣ್ಣಿಗೆ ಬೀಳೋ ಹಾಗೆ ಅಳಲ್ಲ, ಅಷ್ಟೇ."

ಅತ್ತೆಯ ಕಣ್ಣು ತುಂಬಿತು. ಸೆರಗಿಲ್ಲದ್ದಕ್ಕೆ ಕೈಯೊರೆಸುವ ಟವೆಲ್ಲಿನಿಂದಲೇ ಒರೆಸಿಕೊಂಡರು. "ತಪ್ಪಾಯ್ತು ತಾಯಿ. ಇನ್ನು ಸ್ವಲ್ಪ ದಿನ ಕೊಡು. ಹೊತ್ತು ನೋಡಿ ನಾನೇ ಹೇಳ್ತೀನಿ. ನಿನ್ನ ಬಾಯಿಂದ ಮಾತ್ರ ಬೇಡ, ಅವರು ತಡ್ಕೊಳ್ಳಲ್ಲ."

ಸೊಸೆಗೆ ಕೋಪ ಇಳಿದಿರಲಿಲ್ಲ. ಆದರೆ ಜಗಲಿಯಲ್ಲಿ ಕೂತ ಮುದುಕನ ಬೆನ್ನು ಕಿಟಕಿಯಿಂದ ಕಾಣುತ್ತಿತ್ತು. ಪಕ್ಕದಲ್ಲಿ ಫೋನು ಕೂಗಿದ್ದೂ ತಿಳಿಯದೆ, ಲೋಕ ತನಗೆ ಮೊದಲಿನ ಹಾಗೇ ಕೇಳುತ್ತಿದೆ ಎಂಬಂತೆ ನೆಟ್ಟಗೆ ಕೂತ ಬೆನ್ನು.

"ನಾನಾಗಿ ಹೇಳಲ್ಲ," ಅಂದಳು ಕೊನೆಗೆ. "ಆದ್ರೆ ನನ್ನ ಮಗಳು ಕೇಳಿದ್ರೆ, ಮುಟ್ಟಿದೆ ಅಂತ ಮಾತ್ರ ಹೇಳಲ್ಲ."

ಹೆಂಗಸರಿಬ್ಬರ ಈ ಒಪ್ಪಂದದ ಸುದ್ದಿ ಗಂಡನಿಗೆ ಗೊತ್ತಿರಲಿಲ್ಲ. ಅವನು ತನ್ನ ಪಾಡಿಗೆ ತಾನು ಓವರ್‌ಟೈಮ್ ಮಾಡಿ, ನಾಲ್ಕಾರು ಕಡೆ ಫೋನಾಯಿಸಿ, ಅದೇ ಕಂಪನಿಯ ಅದೇ ನಮೂನೆಯ ಹೊಸ ಸೂಜಿಯನ್ನು ತರಿಸಿದ್ದ. ಒಳ್ಳೆಯ ಮನಸ್ಸಿನ ಗಂಡಸರು ಮನೆಗೆ ಶಾಂತಿ ತರಲು ಹೊರಟಾಗ ಹೇಳಿ ಕೇಳಿ ಮಾಡುವುದಿಲ್ಲ. ಭಾನುವಾರ ಬೆಳಗ್ಗೆ ದರ್ಜಿ ಬಂದು ಕೂತದ್ದೇ ತಡ, ಪುಟ್ಟ ಡಬ್ಬಿಯನ್ನು ಅಪ್ಪನ ಮುಂದಿಟ್ಟ.

"ತಗೊಳ್ಳಿ ಅಪ್ಪ. ಹೊಸ ಸೂಜಿ."

ಮಾವ ಡಬ್ಬಿಯನ್ನು ನೋಡಿದರು, ಮುಟ್ಟಲಿಲ್ಲ. "ಬೇಡ ಅಂದಿದ್ದೆ."

"ತಂದಾಯ್ತಲ್ಲ. ಹಾಕಿ ನೋಡಿ."

"ಹಾಕಯ್ಯ," ಅಂದ ದರ್ಜಿ. "ಪ್ರತಿ ವಾರ ಸೂಜಿಯ ಶೋಕಗೀತೆ ಕೇಳಿ ಸಾಕಾಗಿದೆ."

ಟೀ ತಟ್ಟೆ ಹಿಡಿದು ಬಂದಿದ್ದ ಸೊಸೆ ಹೊಸ್ತಿಲಲ್ಲೇ ನಿಂತಳು. ಅವಳ ಹಿಂದೆ ಅತ್ತೆ ಬಂದು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಇಬ್ಬರಿಗೂ ಒಂದೇ ಸಲ ಅರ್ಥವಾಯಿತು. ಹೊಸ ಸೂಜಿ ಹಾಕಿದರೂ ಮಾವನಿಗೆ ಹಾಡು ಮೊದಲಿನಂತೆ ಮಂಕಾಗೇ ಕೇಳುತ್ತದೆ. ಆಗ ಅವರು ಸರಿಯಾಯಿತು ಅಂದರೆ, ಹಳೆಯದು ಕೆಟ್ಟಿತ್ತು ಎಂದಾಯಿತು, ಕೆಡಿಸಿದವಳು ಸೊಸೆ ಎಂದು ಮುದ್ರೆ ಬಿತ್ತು. ಸರಿಯಾಗಿಲ್ಲ ಅಂದರೆ, ಕೆಟ್ಟಿರುವುದು ಇನ್ನೇನು ಎಂದು ಎಲ್ಲರೂ ಕೇಳುತ್ತಾರೆ.

ಮಾವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಹೊಸ ಸೂಜಿಯನ್ನು ಬಹಳ ಹೊತ್ತು ನೋಡಿದರು. ಹಳೆಯದನ್ನು ಕಳಚಿದರು, ಹೊಸದನ್ನು ಕೂರಿಸಿದರು. ಸೂಜಿ ಹೊತ್ತ ತೋಳಿನ ಹಿಂಭಾಗದ ತೂಕವನ್ನು ಕೂದಲೆಳೆಯಷ್ಟು ತಿರುಗಿಸಿದರು, ಮತ್ತೆ ತಿರುಗಿಸಿದರು. ಅಗತ್ಯವಿಲ್ಲದಿದ್ದರೂ ರೆಕಾರ್ಡನ್ನು ಎರಡು ಸಲ ಬ್ರಷ್ಷಿನಿಂದ ಒರೆಸಿದರು. ಕೊನೆಗೆ ಮಾಡುವುದಕ್ಕೆ ಇನ್ನೇನೂ ಉಳಿಯದಾಗ ಸಣ್ಣ ಹಿಡಿಕೆ ಒತ್ತಿ ಸೂಜಿಯನ್ನು ಇಳಿಸಿದರು.

ಹೆಂಗಸಿನ ಧ್ವನಿಯೊಂದು ಎದ್ದಿತು. ಅದರ ಹಿಂದೆ ಪಿಟೀಲು, ಅದರ ಹಿಂದೆ ಎಲ್ಲೋ ದೂರದಲ್ಲಿ ಪುಟ್ಟ ಗಂಟೆಗಳು. ಹಾಡನ್ನು ಯಾರೂ ಕೇಳಲಿಲ್ಲ, ಎಲ್ಲರೂ ಮಾವನ ಮುಖ ನೋಡುತ್ತಿದ್ದರು.

"ಈಗ ಚೆನ್ನಾಗಿದೆ ಅಲ್ವಾ?" ಅಂದರು ಅತ್ತೆ. ತಮ್ಮ ಗಂಡ ಬೀಳುವುದನ್ನು ಕಂಡು ಅಭ್ಯಾಸಬಲದಿಂದ ಕೈ ಚಾಚಿದ ಹಾಗೆ ಬಂದುಬಿಟ್ಟಿತು ಆ ಮಾತು. ಆಡಿದ ಮೇಲೆ ಸೊಸೆಯ ಕಡೆ ನೋಡಲಾರದೆ ಹೋದರು.

"ಹೂಂ," ಅಂದರು ಮಾವ. "ಸರಿಯಾಯ್ತು. ಈಗ ಸರಿಯಾಯ್ತು."

ಗಂಡ ಚಪ್ಪಾಳೆ ತಟ್ಟಿದ. "ಮುಗೀತಲ್ಲ! ಇನ್ನು ಆ ವಿಷಯ ಎತ್ತಬೇಡಿ. ಯಾರಿಂದಲೋ ಏನೋ ಆಯ್ತು, ಹೋಯ್ತು."

ಆ 'ಯಾರಿಂದಲೋ' ಯಾರೆಂಬುದು ಕೋಣೆಗೆಲ್ಲ ಗೊತ್ತಿತ್ತು. ಸೊಸೆ ತಟ್ಟೆಯನ್ನು ನೆಲಕ್ಕಿಳಿಸಿ ಹೊರಡುವುದರಲ್ಲಿದ್ದಳು.

"ತಾತ, ನನಗೆ ಮುಂಚೆ ಹೇಗಿತ್ತೋ ಹಾಗೇ ಇದೆ," ಅಂದಳು ಪಟಾಕಿ. ಅವಳು ಯಂತ್ರದ ಮುಂದೆ ಬೋರಲು ಮಲಗಿ, ಗಲ್ಲಕ್ಕೆ ಎರಡೂ ಕೈ ಕೊಟ್ಟು ಕೇಳುತ್ತಿದ್ದಳು.

"ಸರಿಯಾಗಿ ಕೇಳು."

ಅವಳು ಕಣ್ಣು ಮುಚ್ಚಿದಳು. ತಾತ ಕಲಿಸಿದ ಹಾಗೆ ಮೊದಲು ಧ್ವನಿ, ಆಮೇಲೆ ಪಿಟೀಲು, ಆಮೇಲೆ ಗಂಟೆ. "ಹಾಗೇ ಇದೆ ತಾತ. ಗಂಟೆ ಮುಂಚೆನೂ ಹೀಗೇ ಕೇಳ್ತಿತ್ತು."

"ನಿನಗೆ ಗೊತ್ತಾಗಲ್ಲ ಬಿಡು."

ಪಟಾಕಿ ಎದ್ದು ಕೂತಳು. ಅವಳ ಮುಖ ಸಣ್ಣದಾಯಿತು. "ಅಂದ್ರೆ ನನ್ನ ಕಿವಿ ಸರಿ ಇಲ್ವಾ?" ಎಂದಳು. ಹೊಸ್ತಿಲ ಕಡೆ ತಿರುಗಿದಳು. "ಸೂಜಿ ಹಾಳಾಗಿದ್ದು ನಿಜ ಅಂತಾಯ್ತು. ಅಮ್ಮ, ನೀನು ಅವತ್ತು ಮುಟ್ಟಿದ್ಯಾ?"

"ಇಲ್ಲ," ಅಂದಳು ಸೊಸೆ.

"ಸುಳ್ಳಲ್ಲ ತಾನೇ?"

"ಅಲ್ಲ."

"ಮತ್ತೆ ಈಗ ಹೇಗೆ ಸರಿಯಾಯ್ತು?"

ಸೊಸೆ ಬಾಯಿ ತೆರೆದಳು. ಅತ್ತೆಯ ಕೈ ಅವಳ ಮೊಣಕೈಯನ್ನು ಹಿಡಿದುಕೊಂಡಿತು. ಹೇಳಿದರೆ ಮುದುಕನ ಮಾನ, ಹೇಳದಿದ್ದರೆ ತನ್ನದು. ಅವಳು ಮಗಳನ್ನು ನೋಡಿದಳು. ಮಗಳು ತನ್ನನ್ನೇ ನೋಡುತ್ತಿದ್ದಳು, ನಂಬಬೇಕೆಂಬ ಆಸೆ ಇದ್ದೂ ನಂಬಲಾಗದವರ ಹಾಗೆ. ಹೆತ್ತ ಮಗು ಒಂದು ದಿನವೂ ಅವಳನ್ನು ಹಾಗೆ ನೋಡಿರಲಿಲ್ಲ.

ಆ ನೋಟವನ್ನು ಮಾವನೂ ಕಂಡರು. ಅವರ ಕಣ್ಣು ಚೆನ್ನಾಗೇ ಇತ್ತು.

ಅವರು ಹಿಡಿಕೆ ಎತ್ತಿದರು. ಹಾಡು ನಿಂತಿತು, ರೆಕಾರ್ಡು ಸುಮ್ಮನೆ ತಿರುಗುತ್ತಿತ್ತು.

"ಪಟಾಕಿ, ಇಲ್ಲಿ ಬಾ." ಅವಳು ಹತ್ತಿರ ಬಂದಾಗ ಅವಳ ಎರಡೂ ಕಿವಿಗಳನ್ನು ಬೆರಳಿನಲ್ಲಿ ಮೆತ್ತಗೆ ಹಿಡಿದರು. "ನಿನ್ನ ಕಿವಿಗೆ ಏನೂ ಆಗಿಲ್ಲ. ಹಾಡು ಮುಂಚೆಯ ಹಾಗೇ ಇದೆ. ನಿನ್ನ ಅಮ್ಮ ಸುಳ್ಳು ಹೇಳಿಲ್ಲ. ಸುಳ್ಳು ಹೇಳಿದ್ದು ನಾನು."

"ಅಪ್ಪ?" ಅಂದ ಗಂಡ.

"ಸೂಜಿ ಹಾಳಾಗಿರಲಿಲ್ಲ ಕಣೋ. ಅವತ್ತೇ ಭೂತಗನ್ನಡಿ ಹಾಕಿ ನೋಡಿದ್ದೆ. ಅವಳ ಮೇಲೆ ಕೂಗಾಡಿ ಹತ್ತು ನಿಮಿಷ ಆಗಿರಲಿಲ್ಲ, ಗೊತ್ತಾಯ್ತು ನನಗೆ. ಕೆಟ್ಟಿರೋದು ಇದು." ತಮ್ಮ ಕಿವಿಯನ್ನು ತಟ್ಟಿಕೊಂಡರು. "ಹೊಸ ಸೂಜಿ ಬಂದ್ರೆ ಸಿಕ್ಕಿಬೀಳ್ತೀನಿ ಅಂತಲೇ ಬೇಡ ಅಂದೆ. ಈಗ ಹಾಕಿದ್ನಲ್ಲ, ಗಂಟೆ ಎಲ್ಲಿದೆ ಅಂತಲೂ ನನಗೆ ಗೊತ್ತಿಲ್ಲ. ಈ ಹಾಡಿನಲ್ಲಿ ಗಂಟೆ ಇದೆ ಅನ್ನೋದು ನೆನಪು, ಅಷ್ಟೇ."

ದರ್ಜಿ ಟೀ ಇಲ್ಲದ ತನ್ನ ಅಂಗೈಯನ್ನು ನೋಡುತ್ತಾ ಕೂತ. ಅತ್ತೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು, "ನನಗೂ ಗೊತ್ತಿತ್ತು. ಇದರಲ್ಲಿ ನನ್ನ ಪಾಲೂ ಇದೆ," ಅಂದರು.

ಮಾವ ಹೊಸ್ತಿಲ ಕಡೆ ತಿರುಗಿದರು. ಇಷ್ಟು ವಾರಗಳಲ್ಲಿ ಮೊದಲ ಬಾರಿಗೆ ಸೊಸೆಯ ಮುಖ ನೋಡಿ ಮಾತಾಡಿದರು. "ನೀನು ಮುಟ್ಟಿಲ್ಲ ಅಂತ ಗೊತ್ತಿದ್ದೂ ನಿನ್ನ ಮೇಲೆ ಹಾಕಿದೆ. ಬಾಮ್ಮ ಒಳಗೆ. ಏನು ಬೈಬೇಕೋ ಬೈದುಬಿಡು."

ಸೊಸೆ ಕೂಗಬೇಕೆಂದಿದ್ದ ಮಾತು ಪಿಸುಮಾತಾಗಿ ಬಂತು. ಪಕ್ಕದಲ್ಲಿದ್ದ ಅತ್ತೆಗೂ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ.

ಮಾವ ಕಿವಿಗೆ ಅಂಗೈ ಅಡ್ಡ ಇಟ್ಟುಕೊಂಡು ಮುಂದಕ್ಕೆ ಬಾಗಿದರು. "ಏನಂದೆ? ಕೇಳಿಸಲಿಲ್ಲಮ್ಮ. ಇನ್ನೊಂದು ಸಲ ಹೇಳು, ಜೋರಾಗಿ."

ಕಿವಿ ಮೇಷ್ಟ್ರು ಹೀಗೆ ಕೇಳಿದ್ದನ್ನು ಆ ಕೋಣೆಯಲ್ಲಿ ಯಾರೂ ಕಂಡಿರಲಿಲ್ಲ. ಗಂಡ ಕಿಟಕಿಯ ಹೊರಗೆ ನೋಡತೊಡಗಿದ.

ಸೊಸೆ ಹೊಸ್ತಿಲು ದಾಟಿದಳು. ಯಂತ್ರದ ಪಕ್ಕದಿಂದ ನೇರವಾಗಿ ನಡೆದು ಅವರ ಕುರ್ಚಿಯ ಮುಂದೆ ನಿಂತು, ಬಾಗಿ, ಕಿವಿಯ ಹತ್ತಿರ ಬಾಯಿಟ್ಟು, ಎದೆಯಲ್ಲಿದ್ದ ಅಷ್ಟನ್ನೂ ಸೇರಿಸಿ ಕೂಗಿದಳು.

"ನನಗೆ ನಿಮ್ಮ ಮೇಲೆ ತುಂಬಾ ಕೋಪ ಇದೆ ಮಾವ! ಬೇಗ ಹೋಗಲ್ಲ ಅದು!"

ಎದುರು ಮನೆಯ ಕಿಟಕಿ ತೆರೆದುಕೊಂಡಿತು. ಮಾವ ನಿಧಾನವಾಗಿ ತಲೆಯಾಡಿಸಿದರು. ಅವರ ಕಣ್ಣಿನಲ್ಲಿ ನೀರಿತ್ತು.

"ಹೂಂ," ಅಂದರು. "ಈಗ ಕೇಳಿಸ್ತು."